ನೂರ ನಾಲ್ಕು ಡಿಗ್ರಿ

ನಿಧಿಯ ಸ್ಕ್ರಿಪ್ಟ್ ಕೆಟ್ಟುಹೋಗಲಿ ಎಂದು ಡೈರಿಯಲ್ಲಿ ಬರೆದು, ಆಮೇಲೆ ನಾಚಿಕೆಯಾಗಿ ಗೀಚಿ ಹಾಕಿದೆ. ಗೀಚಿದ ಮೇಲೂ ಅಕ್ಷರ ಕಾಣುತ್ತಿತ್ತು.

ನಾವಿಬ್ಬರೂ ಅಮೆರಿಕದ ರಾಲಿಯ ಈ ಲ್ಯಾಬಿಗೆ ಒಂದೇ ವಾರ ಸೇರಿದವರು. ನೆಟ್‌ವರ್ಕ್ ಸ್ವಿಚ್ಚು ಎಂಬ, ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಯ ಒಳಗೇ ಓಡುವ ಪುಟ್ಟ ಪೈಥಾನ್ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್ ಬರೆಯುವುದು ಕೆಲಸ. ಅದು ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂದು ಓದಬೇಕು, ಮಿತಿ ದಾಟಿದರೆ ಫ್ಯಾನು ಜೋರು ಮಾಡಬೇಕು. ನಾನೂ ಒಂದು ಬರೆದಿದ್ದೆ. ಆದರೆ ನಿಧಿ ತನ್ನದರಲ್ಲಿ ಬಿಸಿಗೆ ‘ಜ್ವರ’ ಎಂದು ಹೆಸರಿಟ್ಟಳು. “ಪಾಪ, ಇದಕ್ಕೂ ಜ್ವರ ಬರುತ್ತೆ ಕಣೇ” ಎಂದು ನಕ್ಕಳು. ಮೀಟಿಂಗಿನಲ್ಲೂ ಅದನ್ನೇ ಹೇಳಿದಳು. ಅಂದಿನಿಂದ ಲ್ಯಾಬಿನ ಅಮೆರಿಕನ್ನರೆಲ್ಲ ‘ಜಾವರಾ, ಜಾವರಾ’ ಎನ್ನುತ್ತ ಓಡಾಡಿದರು. ನನ್ನ ಡೈರಿಯಲ್ಲಿ ಅಂಥ ಹೆಸರುಗಳು ಎರಡು ಪುಟ ಇವೆ. ಫ್ಯಾನಿಗೆ ‘ಉಸಿರು’ ಎಂದು ಬರೆದಿಟ್ಟು ಆರು ತಿಂಗಳಾಗಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ನಮ್ಮ ಲೀಡ್ ಹರಿಪ್ರಸಾದ್ ಅವಳದ್ದನ್ನೇ ಆರಿಸಿದರು. ಬರುವ ಸೋಮವಾರ ಅದು ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿ ಅರವತ್ತು ಸ್ವಿಚ್ಚುಗಳಿಗೆ ಹೋಗಬೇಕಿತ್ತು, ಜೊತೆಗೆ ನಿಧಿಯೂ. ನನಗೆ ಉಳಿದದ್ದು ಅದರಲ್ಲಿ ತಪ್ಪಿದೆಯೇ ಎಂದು ನೋಡುವ ರಿವ್ಯೂ.

ಬುಧವಾರ ಓದಲು ಕೂತಾಗ ಹನ್ನೊಂದನೇ ಸಾಲಿನಲ್ಲೇ ಕಣ್ಣಿಗೆ ಬಿತ್ತು: ಜ್ವರ ನೂರ ನಾಲ್ಕು ದಾಟಿದರೆ ಫ್ಯಾನು ಜೋರು. ಮನೆಯಲ್ಲಿ ಅಮ್ಮಂದಿರು ಥರ್ಮಾಮೀಟರ್ ನೋಡಿ ಗಾಬರಿಯಾಗುತ್ತಿದ್ದುದು ಅದೇ ನೂರ ನಾಲ್ಕಕ್ಕೆ. ಅದು ಫ್ಯಾರನ್‌ಹೀಟ್. ಸ್ವಿಚ್ಚಿನ ಸೆನ್ಸರ್ ಹೇಳುವುದು ಸೆಲ್ಸಿಯಸ್‌ನಲ್ಲಿ, ಮಿತಿ ನಲವತ್ತು. ನೂರ ನಾಲ್ಕಾಗುವ ಹೊತ್ತಿಗೆ ಪೆಟ್ಟಿಗೆ ಸುಟ್ಟೇ ಹೋಗಿರುತ್ತದೆ. ಜ್ವರ ಎಂದು ಹೆಸರಿಟ್ಟ ಕೈ ತಾನಾಗಿಯೇ ಜ್ವರದ ಅಂಕಿ ಬರೆದಿತ್ತು.

ನಾನು ಎಲ್ಲ ಸರಿಯಿದೆ ಎಂದು ಅಪ್ರೂವ್ ಒತ್ತಿದೆ.

ಶುಕ್ರವಾರ ಕೊನೆಯ ಟೆಸ್ಟ್. ನಿಧಿ ಮನೆಯಿಂದ ಹೇರ್ ಡ್ರೈಯರ್ ತಂದು ಸ್ವಿಚ್ಚಿಗೆ ಗಾಳಿ ಹೋಗುವ ಕಿಂಡಿಗೆ ಹಿಡಿದಳು. ಪರದೆಯ ಮೇಲೆ ನಲವತ್ತೊಂದು, ನಲವತ್ತಾರು, ಐವತ್ತೆರಡು. ಫ್ಯಾನಿನ ಸದ್ದು ಏರಲಿಲ್ಲ. ನನಗೆ ಖುಷಿಯಾಯಿತು. ಸುಳ್ಳೇಕೆ, ಆಯಿತು.

“ಕಾತ್ಯಾಯಿನಿ, ರಿವ್ಯೂ ಮಾಡಿದ್ದು ನೀನೇ ಅಲ್ವಾ?” ಹರಿಪ್ರಸಾದ್ ನನ್ನ ಕಡೆ ತಿರುಗಿದರು. “ಏನೂ ಕಾಣ್ಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ನಿಧಿ ಅಂದಳು: “ಅವಳನ್ನ ಯಾಕೆ ಕೇಳ್ತೀರಾ? ಅವಳ ಕಣ್ಣು ತಪ್ಪಿಸಿ ಒಂದು ಕಾಮಾನೂ ಹೋಗಲ್ಲ. ಫ್ಯಾನೇ ಕೆಟ್ಟಿರ್ಬೇಕು, ಬೇರೆ ಬಾಕ್ಸ್ ಟ್ರೈ ಮಾಡೋಣ.”

ಹರಿಪ್ರಸಾದ್ ತಲೆಯಾಡಿಸಿದರು. ನಾನು ಸುಮ್ಮನಿದ್ದಿದ್ದರೆ ನನ್ನನ್ನು ಕೇಳುವುದು ಅಲ್ಲಿಗೆ ಮುಗಿಯುತ್ತಿತ್ತು.

“ಫ್ಯಾನು ಸರಿಯಾಗೇ ಇದೆ,” ಎಂದೆ. “ಹನ್ನೊಂದನೇ ಸಾಲು ನೋಡು. ನೂರ ನಾಲ್ಕಲ್ಲ, ನಲವತ್ತು.”

“ಅಯ್ಯೋ, ಅಮ್ಮನ ಥರ್ಮಾಮೀಟರ್!” ನಿಧಿ ಹಣೆ ಚಚ್ಚಿಕೊಂಡು ನಕ್ಕೇಬಿಟ್ಟಳು. “ಬಚಾವ್ ಮಾಡಿದೆ ಕಣೇ. ಈಗ ಹೊಳೀತಾ ನಿಂಗೆ?”

“ಇಲ್ಲ. ಬುಧವಾರಾನೇ ನೋಡಿದ್ದೆ ನಿಧಿ. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ.”