ಭಂಡಾರ ಹಿಡಿದು ಹೇಳಿದ ಉತ್ತರ

ಹಣಮಿಯ ಬಾಯಿ ಜೋರು ಎಂದು ನಮ್ಮೂರು ಮುಚ್ಚಂಡಿ ತುಂಬ ನನಗೆ ಹೆಸರಿದೆ. ಆದರೆ ನಾನು ಸಿಕ್ಕಿಬಿದ್ದದ್ದು ಬಾಯಿಂದಲ್ಲ, ನನ್ನ ಜಾಣತನದಿಂದ.

ಎಪ್ಪತ್ನಾಲ್ಕನೆಯ ಇಸವಿಯ ದೀಪಾವಳಿ ಮುಗಿದಿತ್ತು. ನನ್ನ ಗಂಡ ಸೋಮವಾರ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೊರಡುವವನಿದ್ದ. ಹೋದರೆ ತಿರುಗಿ ಬರುವುದು ಮುಂಗಾರಿಗೆ. ಮದುವೆಯಾದ ಹೊಸತರಲ್ಲಿ ನಾನೂ ಹೋಗುತ್ತಿದ್ದೆ. ಅತ್ತೆ ಯಮನವ್ವನಿಗೆ ಲಕ್ವಾ ಹೊಡೆದು ಕಾಲು ಹೋದ ಮೇಲೆ ಏಳು ವರ್ಷ ಈ ಊರಿನ ಗಡಿ ದಾಟಿರಲಿಲ್ಲ. ಎತ್ತುವುದು, ತೊಳೆಯುವುದು, ರೊಟ್ಟಿ ನೆನೆಸಿ ತಿನ್ನಿಸುವುದು, ಅಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಗಂಡನ ಜೊತೆ ಒಂದು ಚಳಿಗಾಲ ಕಳೆಯಬೇಕೆಂಬ ಆಸೆಗೆ ನನಗೇನೂ ನಾಚಿಕೆಯಿಲ್ಲ.

ಬಿಳೂರಿನ ನಾದಿನಿ ಸಿದ್ದವ್ವ, ಅವ್ವನನ್ನು ಕಳಿಸಿ, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದಳು. ಅತ್ತೆಯೂ ಜಗಳವಾದಾಗಲೆಲ್ಲ "ನನ್ನ ಬಿಳೂರಿಗಿ ಒಗೀರಿ, ಮಗಳ ಕೈಯಾಗ ಸಾಯ್ತೀನಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಮಗ ಬಂದು ಕೇಳಿದರೆ ಮಾತ್ರ ಗೋಡೆಯ ಕಡೆ ಮುಖ ಮಾಡುವಳು.

"ಅವ್ವ ತನ್ನ ಬಾಯಿಲೆ ಹೋಗ್ತೀನಿ ಅಂದ್ರ ಗಾಡಿ ಕಟ್ಟತೀನಿ. ನೀ ನನ್ನ ಸಂಗಾಟ ಬಾ" ಎಂದಿದ್ದ ಗಂಡ. ಅಂದೇ ನಾನು ಗಂಟು ಕಟ್ಟಿ ಮೂಲೆಯಲ್ಲಿಟ್ಟೆ.

ಶುಕ್ರವಾರ ಯಾವುದೋ ಕಾಲೇಜಿನ ಹೆಣ್ಣುಮಗಳೊಬ್ಬಳು ಬಂದಳು. ನಮ್ಮೂರು ಮರಾಠಿ ಸೀಮೆಗೆ ಸೇರಿದ್ದು, ಅವಳ ಕೈಯಲ್ಲಿ ಅಚ್ಚು ಹಾಕಿದ ಮರಾಠಿ ಫಾರ್ಮು. ಮುದುಕರು ತಮ್ಮ ಕೊನೆಗಾಲ ಎಲ್ಲಿ ಕಳೆಯಬೇಕೆಂದಿದ್ದಾರೆ, ದವಾಖಾನೆಗೆ ಒಯ್ಯಬೇಕೋ ಬೇಡವೋ, ಯಾರು ನೋಡಿಕೊಳ್ಳಬೇಕು ಎಂದು ಮನೆಮನೆ ಕೇಳುತ್ತಿದ್ದಳು. ಪ್ರತಿ ಉತ್ತರಕ್ಕೂ ಒಂದರಿಂದ ಐದು ಅಂಕ. ಸಾವಿಗೂ ಮಾರ್ಕು ಹಾಕುತ್ತಾರಲ್ಲ ಎಂದು ನನಗೆ ನಗು ಬಂತು.

"ಮನಸ್ಸಿನಲ್ಲಿರುವುದನ್ನೇ ಹೇಳಿ, ಆಯಿ" ಎಂದಳು ಅವಳು ಮರಾಠಿಯಲ್ಲಿ.

ಆಗ ನನಗೆ ಹೊಳೆಯಿತು. ನಮ್ಮ ಕುಲದೇವರು ಬೀರದೇವರ ಮುಂದಿನ ಅರಿಸಿನಕ್ಕೆ ನಾವು ಭಂಡಾರ ಎನ್ನುತ್ತೇವೆ. ಅದನ್ನು ಹಿಡಿದು ಯಾರೂ ಸುಳ್ಳಾಡುವುದಿಲ್ಲ, ಆಡಿದ ಮಾತನ್ನು ಮನೆಯವರು ಯಾರೂ ಮುರಿಯುವುದಿಲ್ಲ. ಒಂದು ಹಿಡಿ ತಂದು ಅತ್ತೆಯ ಅಂಗೈಗೆ ಸುರಿದೆ. ಗಂಡ ಬಾಗಿಲಲ್ಲೇ ಕುಳಿತಿದ್ದ.

"ಈಗ ಹೇಳ್ರಿ ಅತ್ತಿ. ಬಿಳೂರೋ, ಇಲ್ಲೋ?"

ಅವಳು ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಬಿಳೂರು ಬ್ಯಾಡ. ಇಲ್ಲೇ ಸಾಯ್ತೀನಿ. ಕಡೀ ನೀರ ಹಣಮಿನ ಬಿಡಬೇಕು. ಮತ್ಯಾರೂ ನನ್ನ ಮುಟ್ಟಬಾರದು."

ಆ ಹೆಣ್ಣುಮಗಳು ಐದಕ್ಕೆ ಗುರುತು ಹಾಕಿದಳು. ನೋಡಿಕೊಳ್ಳುವವರಿಗೆ ಏನಾದರೂ ತ್ರಾಸವಿದೆಯೇ ಎಂದು ನನ್ನ ಗಂಡನನ್ನು ಕೇಳಿದಳು. "ಏನಿಲ್ಲರಿ" ಎಂದ ಪುಣ್ಯಾತ್ಮ. ಇದು ಇವತ್ತಿನ ಅಭಿಪ್ರಾಯ ಅಷ್ಟೇ, ಮುಂದಿನ ವರ್ಷ ಬಂದು ಬದಲಾಗಿದೆಯೇ ನೋಡುತ್ತೇವೆ ಎಂದು ಹೇಳಿ, ಚೆಲ್ಲಿದ್ದ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಹೊರಟಳು. ಪಾಪ, ಭಂಡಾರದ ಮಾತು ಬದಲಾಗುವುದಿಲ್ಲವೆಂದು ಅವಳಿಗೇನು ಗೊತ್ತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಅಂದುಕೊಂಡೆ.

ಗಂಡ ಎದ್ದು ಹೋದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. "ಮತ್ತ ಇಷ್ಟ ವರ್ಷ ಬಿಳೂರು, ಬಿಳೂರು ಅಂತ ಯಾಕ ಬಡಕೊಂಡ್ರಿ?"

"ಹೋಗಬ್ಯಾಡ್ರಿ ಅಂತೀಯೇನೋ ಅಂತ ಕಾಯ್ತಿದ್ದೆ" ಎಂದಳು ಅತ್ತೆ. "ಒಮ್ಮಿನೂ ಅನ್ಲಿಲ್ಲ ನೀ."

 

ಸೋಮವಾರ ಕುರಿ ಹೊರಟವು. ಗಂಟು ಬಿಚ್ಚಿ, ನನಗೆಂದು ಇಟ್ಟುಕೊಂಡಿದ್ದ ಕಂಬಳಿಯನ್ನು ಅವಳಿಗೆ ಹೊದಿಸಿದೆ. ಕುರಿಗಳ ಸದ್ದು ಡಫಳಾಪುರದ ದಾರಿಯಲ್ಲಿ ಅಡಗುವ ಹೊತ್ತಿಗೆ ಅವಳು ನೀರು ಕೇಳಿದಳು. ತಲೆ ಎತ್ತಿ ಹಿಡಿದು ಬಾಯಿಗೆ ಬಿಟ್ಟೆ. ಒಂದು ಗುಟುಕು ಕುಡಿದು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇದು ಕಡೀ ನೀರ ಅಲ್ಲಲ್ಲ?"

"ಅಲ್ರಿ" ಎಂದೆ. ಹಾಗೆಂದದ್ದು ಅವಳಿಗಾಗಿಯೋ ನನಗಾಗಿಯೋ, ಬೀರದೇವರಾಣೆ, ಗೊತ್ತಿಲ್ಲ.