ಆರನೆಯ ಎಲೆ

ಒಳಕೋಣೆಯಲ್ಲಿ ಆರನೆಯ ಎಲೆ ಕಂಡದ್ದೇ ಸುಶ್ರುತ ಎಲೆಗಳನ್ನು ಮತ್ತೊಮ್ಮೆ ಎಣಿಸಿದ. ತುಳುನಾಡಿನ ಕ್ರಮದಂತೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಮನೆ ಅವರದ್ದು. ಮುಂಬಯಿ ಬಳಿಯ ಠಾಕುರ್ಲಿಯ ಪುಟ್ಟ ಫ್ಲ್ಯಾಟಿಗೆ ಬಂದಮೇಲೂ ಆ ಕ್ರಮ ಬಿಟ್ಟಿರಲಿಲ್ಲ. ಆದರೆ ಸತ್ತ ಹಿರಿಯರು ಐದೇ ಜನ.

"ಅಜ್ಜೀ, ಇದು ಯಾರದ್ದು?"

"ಒಮರನ ಅಪ್ಪನದ್ದು," ಎಂದರು ಚಂದ್ರಬಾಯಿ, ನೀರುದೋಸೆ ಮಡಚಿಡುತ್ತ. "ಆ ಪಾಪದವನಿಗೆ ಅಲ್ಲಿ ಯಾರು ಬಡಿಸ್ತಾರೆ ಮಗಾ? ಹಸಿದುಕೊಂಡು ತಿರುಗುವುದು ಬೇಡ."

"ತೆಗೀ ಅಜ್ಜೀ, ಪ್ಲೀಸ್! ಒಮರನಿಗೆ ಇನ್ನೂ ಗೊತ್ತಿಲ್ಲ, ಉಸ್ಕೋ ಮಾಲೂಮ್ ನಹೀ ಹೈ!"

"ಬಡಿಸಿದ ಎಲೆ ತೆಗೀಲಿಕ್ಕುಂಟಾ?" ಅಜ್ಜಿ ಹೊರಗೆ ಬಂದು ಒಳಕೋಣೆಯ ಬಾಗಿಲೆಳೆದುಕೊಂಡರು. ಸತ್ತವರು ಉಂಡು ಏಳುವವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ. ಅಜ್ಜಿಗೆ ದಯೆ ಬಂತೆಂದರೆ ಮನೆಯವರ ಗತಿ ದೇವರಿಗೇ ಪ್ರೀತಿ.

ಒಮರ್ ಮೂರನೆಯ ಮಾಳಿಗೆಯ ಸುಡಾನಿನ ಹುಡುಗ. ಇಲ್ಲಿ ತಾಯಿ, ಮಗ ಇಬ್ಬರೇ. ಯುದ್ಧ ಶುರುವಾದಾಗ ಮನೆ ಕಾಯಲೆಂದು ಖಾರ್ಟೂಮಿನಲ್ಲೇ ಉಳಿದ ಅಪ್ಪನಿಂದ ಹದಿನೈದು ತಿಂಗಳಿಂದ ಫೋನಿರಲಿಲ್ಲ, ಸುದ್ದಿಯಿರಲಿಲ್ಲ. ಕಟ್ಟಡದ ಮಕ್ಕಳೆಲ್ಲ ಒಮರನನ್ನು 'ಕಾಲ್ಯಾ', ಕರಿಯ, ಎನ್ನುತ್ತಿದ್ದರು. ಮೊದಲು ಹಾಗೆಂದವನು ಸುಶ್ರುತನೇ. ಒಮರನಿಂದ ಮೂಗಿಗೆ ಗುದ್ದು ತಿಂದು, ರಕ್ತ ಒರೆಸಿಕೊಂಡು, ಅದೇ ಸಂಜೆ ಅವನ ಜೊತೆ ಕ್ರಿಕೆಟ್ ಆಡಿದ್ದ. ಆಮೇಲೆ ಇಬ್ಬರೂ ಬಿಟ್ಟಿರಲಾರದವರಾದರು.

ನಿನ್ನೆ ಒಮರನ ತಾಯಿ ಅಡುಗೆಮನೆಯಲ್ಲಿ ಸುಶ್ರುತನ ಅಮ್ಮ ವಿನೋದಾಳನ್ನು ತಬ್ಬಿಕೊಂಡು ಅತ್ತಿದ್ದಳು. ಸತ್ತ ಗಂಡನನ್ನು ಅಲ್ಲಿನ ನೆರೆಯವರು ಅಂಗಳದಲ್ಲೇ ಮಣ್ಣು ಮಾಡಿದ್ದರಂತೆ. ಪರೀಕ್ಷೆ ಮುಗಿಯುವ ತನಕ ಮಗನಿಗೆ ಹೇಳಬೇಡಿ ಎಂದು ಕೈಮುಗಿದಿದ್ದಳು. ಬಾಗಿಲ ಹಿಂದೆ ನಿಂತಿದ್ದ ಸುಶ್ರುತ ಎಲ್ಲ ಕೇಳಿಸಿಕೊಂಡಿದ್ದ.

ಬೆಲ್ ಆಯಿತು. ಊಟಕ್ಕೆ ಕರೆದಿದ್ದ ಒಮರ್ ಹಲ್ಲು ಕಿರಿಯುತ್ತ ನಿಂತಿದ್ದ. ಹೋದ ವರ್ಷವೂ ಬಂದು, ಐದು ಎಲೆಗಳ ಐದೂ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. "ಚಲ್, ನೀಚೇ ಖೇಲ್ತೇ ಹೈ," ಎಂದು ಸುಶ್ರುತ ಅವನ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದ.

"ಪಾಗಲ್ ಹೈ ಕ್ಯಾ? ಚಿಕನ್ ಛೋಡ್ ಕೇ?"

ಅಷ್ಟರಲ್ಲಿ ಅಜ್ಜಿ ಒಳಕೋಣೆಯ ಬಾಗಿಲು ಮೂರು ಸಲ ತಟ್ಟಿ ತೆರೆದರು. ಸತ್ತವರು ಉಂಡ ಎಲೆಯಲ್ಲೇ ಇನ್ನು ಮನೆಯವರು ಕೂತು ಉಣ್ಣಬೇಕು. ಒಮರನ ಕಣ್ಣು ಎಲೆಯಿಂದ ಎಲೆಗೆ ಹೋಯಿತು. ಐದು ಎಲೆಗಳ ಪಕ್ಕ ಶೇಂದಿಯ ಲೋಟ. ಆರನೆಯದರ ಪಕ್ಕ ಚಹಾ.

"ಯೇ ಕೌನ್ ಹೈ, ಜೋ ದಾರೂ ನಹೀ ಪೀತಾ?" ಶೇಂದಿ ಕುಡಿಯದ ಈ ಆರನೆಯವರು ಯಾರೆಂದು ಅವನು ಕೇಳಿದ.

ವಿನೋದಾಳ ಕೈಯ ಸೌಟು ಹಾಗೇ ನಿಂತಿತು. ಸುಶ್ರುತ ಒಂದು ಸುಳ್ಳು ಹುಡುಕಿದ. ಗೊತ್ತಿದ್ದೂ ಹೇಳದ ತನ್ನೊಡನೆ ಇವನು ಇನ್ನು ಮಾತಾಡಲಾರ ಎಂಬ ಹೆದರಿಕೆಗೆ ಅಳು ನುಗ್ಗಿ ಬಂತು. ಅವನ ಮುಖವನ್ನೇ ನೋಡುತ್ತಿದ್ದ ಒಮರನ ನಗು ಮೆಲ್ಲಗೆ ಇಳಿದುಹೋಯಿತು.

ಒಮರ್ ಹೋಗಿ ಆರನೆಯ ಎಲೆಯ ಮುಂದೆ ಕೂತ. ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದ.

"ಬಾಬಾ ಕೋ ಶಕ್ಕರ್ ಜ್ಯಾದಾ ಲಗ್ತೀ ಹೈ, ಅಜ್ಜೀ."

ಚಂದ್ರಬಾಯಿ ಗೋಡೆ ಹಿಡಿದು ಎದ್ದು, ಅವನ ಅಪ್ಪನ ಚಹಾಕ್ಕೆ ಸಕ್ಕರೆ ಡಬ್ಬಿ ತರಲು ಒಳಗೆ ಹೋದರು.