ಮೊದಲ ಸಿಡಿ ಹೆಣ್ಣಿನ ಮನೆಗೆ

ಶಹಾಬಾದದಲ್ಲಿ ನನ್ನದು ಮದುವೆ ವಿಡಿಯೋ ಅಂಗಡಿ. ಅಕ್ಷತೆ, ಊಟದ ಪಂಕ್ತಿ, ಬೀಗರ ಸಿಡುಕು ಎಲ್ಲವನ್ನೂ ಹದಿನೆಂಟು ವರ್ಷ ಹಿಡಿದವನು ನಾನು. ೨೦೦೯ರಲ್ಲಿ ಹುಚ್ಚು ಹತ್ತಿತು, ಒಂದು ನಿಜವಾದ ಸಿನಿಮಾ ಮಾಡಬೇಕು ಅಂತ. ಊರಿನ ಹುಡುಗ ಹುಡುಗಿಯರೆಲ್ಲ ಸಂಜೆಯಾದರೆ ಇಂಟರ್‌ನೆಟ್ ಅಂಗಡಿಯಲ್ಲಿ ಆರ್ಕುಟ್ ಎಂಬ ಗೆಳೆತನದ ತಾಣದ ಮುಂದೆ ಕೂರುತ್ತಿದ್ದರು. ಅವರ ಕಥೆ ಅವರ ಬಾಯಿಂದಲೇ ಬರಬೇಕು, ಗುಲಬರ್ಗಾದ ಕಿರುಚಿತ್ರ ಸ್ಪರ್ಧೆಗೆ ಹೋಗಬೇಕು.

ಸಿಕ್ಕವಳು ಶುಭಾ. ಮಾಸ್ತರ ರಘುವೀರರಾಯರ ಮಗಳು, ಹತ್ತನೆಯ ತರಗತಿ. ಮೊದಲ ದಿನ ಪಾಠ ಒಪ್ಪಿಸಿದ ಹಾಗೆ ಮಾತಾಡಿದಳು.

“ಖರೇ ಅನ್ನಸವಲ್ದವ್ವ. ಮತ್ತೊಮ್ಮೆ ಹೇಳು,” ಎಂದೆ.

ನಾಲ್ಕು ದಿನ ಇದನ್ನೇ ಹೇಳಿ ಅವಳ ಜೀವ ತಿಂದೆ. ಐದನೆಯ ದಿನ ಕ್ಯಾಮೆರಾ ನೋಡುವುದನ್ನು ಬಿಟ್ಟು ತನ್ನ ಕೈ ನೋಡುತ್ತ ಹೇಳಿದಳು: “ಆರ್ಕುಟ್‌ನಾಗ ನಾ ಶುಭಾ ಅಲ್ರಿ ಕಾಕಾ. ನಮ್ಮತ್ತಿ ಮಗಳು ಪ್ರಮಿತಾನ ಫೋಟೋ ಹಾಕೀನಿ, ಹೆಸರು ಬ್ಯಾರೆ ಇಟ್ಟೀನಿ. ಆ ಹೆಸರಿನಾಕಿಗಿ ಮುನ್ನೂರು ಮಂದಿ ದೋಸ್ತರದಾರ. ಸಾಲ್ಯಾಗ ನನ್ನ ಬಾಜೂಕ ಯಾರೂ ಕುಂದ್ರಂಗಿಲ್ಲ.”

ನನ್ನ ಮೈ ಜುಮ್ಮೆಂದಿತು. ಅವಳಿಗಾಗಿ ಅಲ್ಲ, ಸಿಕ್ಕ ಶಾಟ್‌ಗಾಗಿ.

“ಮನ್ಯಾಗ ಯಾರಿಗೂ ಗೊತ್ತಿಲ್ರಿ,” ಎಂದಳು.

“ಮೊದಲ ನೀನ ನೋಡು. ಬ್ಯಾಡ ಅಂದ್ರ ಅದಕ್ಕ ಕತ್ತರಿ ಹಾಕ್ತೀನಿ,” ಎಂದು ಮಾತು ಕೊಟ್ಟೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಮೊದಲ ಸಿಡಿ ಕುಂಕುಮ ಹಚ್ಚಿಸಿಕೊಂಡು ಹೆಣ್ಣಿನ ಮನೆಗೆ ಹೋಗಬೇಕು. ಅವರು ಓಣಿಯವರನ್ನು ಕರೆದು, ಅವಲಕ್ಕಿ ಕೊಟ್ಟು ತೋರಿಸುತ್ತಾರೆ. ಆ ವಾರ ಆರು ಮದುವೆಯ ಸಿಡಿ ಕಳಿಸಿದ್ದೆ. ಏಳನೆಯದು ಶುಭಾಳ ಸಿನಿಮಾ, ಅದಕ್ಕೂ ಬೆರಳು ತಾನಾಗಿ ಕುಂಕುಮ ಹಚ್ಚಿತು. ಮೇಲೆ ರಘುವೀರರಾಯರ ಹೆಸರು ಬರೆದು ಕಳಿಸಿಬಿಟ್ಟೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಭಾನುವಾರ ರಾಯರ ಫೋನು ಬಂತು. “ಮಡಿವಾಳಯ್ಯನವ್ರ, ಮಂದೀನ ಕರದೀವ್ರಿ. ನಮ್ಮ ತಂಗಿ ವಾಡಿಯಿಂದ ಪ್ರಮಿತಾನ ಕರಕೊಂಡು ಬಂದಾಳ. ನೀವು ಬಂದ ಮ್ಯಾಲೇ ಸಿಡಿ ಹಚ್ತೀವಿ, ಬರ್ರಿ.”

ಕೊಟ್ಟ ಮಾತು ಆಗ ನೆನಪಾಯಿತು. ಏನೋ ನೆವ ಹೇಳಿ ಸಿಡಿ ವಾಪಸು ತರೋಣ ಎಂದೇ ಸ್ಕೂಟರ್ ಹತ್ತಿದೆ. ಒಳಗೆ ಕಾಲಿಟ್ಟರೆ ಹದಿನೈದು ಮಂದಿ ಎದ್ದು ನಿಂತರು. “ಡೈರೆಕ್ಟರ್ ಸಾಹೇಬ್ರು ಬಂದ್ರು,” ಎಂದು ಯಾರೋ ಅಂದರು. ಕುರ್ಚಿ ಕೊಟ್ಟರು, ರಿಮೋಟನ್ನೂ ಕೈಗಿತ್ತರು. ಮಾನಗೆಟ್ಟವನು ನಾನು, ಒತ್ತಿದೆ.

ಶುಭಾ ಅವಲಕ್ಕಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು. ಕತ್ತರಿ ಹಾಕಿಯೇ ಬಂದಿದ್ದೇನೆ ಎಂದುಕೊಂಡಿದ್ದಳು, ಪಾಪ.

ಟಿವಿಯಲ್ಲಿ ಅವಳು ಕೈ ನೋಡಿಕೊಳ್ಳುವ ಹೊತ್ತಿಗೆ ನಿಲ್ಲಿಸಬಹುದಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಆ ಶಾಟ್ ಅನ್ನು ಮಂದಿ ನೋಡಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ.

ಮಾತು ಮುಗಿಯಿತು. ಪ್ರಮಿತಾ ಎದ್ದು ಹೊರಗೆ ಹೋದಳು. ಶುಭಾಳ ತಾಯಿ ಸುಮಿತ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಾಯರು ತಾವೇ ಹೋಗಿ ಟಿವಿ ಆರಿಸಿದರು.

ಶುಭಾ ಒಬ್ಬೊಬ್ಬರಿಗೇ ತಟ್ಟೆ ಕೊಡುತ್ತ ಬಂದು ಕಡೆಗೆ ನನ್ನ ಮುಂದೆ ನಿಂತಳು.

“ಈಗ ಖರೇ ಅನ್ನಸ್ತೇನ್ರಿ ಕಾಕಾ?”

ಅವಳು ಆ ದಿನ ಕೂತಂತೆಯೇ ನನ್ನ ಕೈ ನೋಡುತ್ತ ಕೂತೆ. ಕೈಯಲ್ಲಿ ರಿಮೋಟು ಇನ್ನೂ ಇತ್ತು.